ಮಾಯಿಯ ಹಟ

1964ರಲ್ಲಿ ವಿ. ಶಾಂತಾರಾಮ್ ಅವರ ‘ಗೀತ್ ಗಾಯಾ ಪತ್ಥರೋಂ ನೇ’ ಚಿತ್ರ ತೆರೆಕಂಡಿತು. ಅದರ ಶೀರ್ಷಿಕೆ ಗೀತೆಗೆ ದನಿ ಕೊಟ್ಟವರು ಕಿಶೋರಿ ಆಮೋಣಕರ್. ಎಳೆಯ ವಯಸ್ಸಿನಿಂದಲೂ ಶಾಸ್ತ್ರೀಯ ಸಂಗೀತದಲ್ಲೇ ಮುಳುಗಿದ್ದ ಗಾಯಕಿಗೆ ಹಿಂದಿ ಚಿತ್ರರಂಗದ ಬಾಗಿಲು ತೆರೆದಿತ್ತು. ಆದರೆ ಮನೆಯಲ್ಲಿ ತಾಯಿಗೆ ಇದು ಸುತರಾಂ ಹಿಡಿಸಲಿಲ್ಲ. ಸಿನಿಮಾಕ್ಕೆ ಹಾಡುವುದಾದರೆ ತನ್ನ ಎರಡು ತಂಬೂರಿಗಳನ್ನು ಇನ್ನು ಮುಟ್ಟಕೂಡದು ಎಂದು ಅವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಮಗಳಿಗೆ ಆಗಲೇ ಮೂವತ್ತು ದಾಟಿತ್ತು, ಮದುವೆಯಾಗಿ ಮಕ್ಕಳಿದ್ದರು. ಆದರೂ ತಾಯಿಯ ಮಾತೇ ನಡೆಯಿತು. ಕಿಶೋರಿ ಮತ್ತೆ ಚಲನಚಿತ್ರಕ್ಕೆ ಸಂಗೀತ ಕೊಟ್ಟದ್ದು ಕಾಲು ಶತಮಾನ ಕಳೆದ ಮೇಲೆ, 1990ರ ‘ದೃಷ್ಟಿ’ಗೆ.

ಆ ತಾಯಿ ಮೋಗೂಬಾಯಿ ಕುರ್ಡೀಕರ್. ಮನೆಮಂದಿಗೂ ಶಿಷ್ಯರಿಗೂ ಅವರು ‘ಮಾಯಿ’. ಸಂಗೀತಲೋಕ ಅವರನ್ನು ಗಾನತಪಸ್ವಿನಿ ಎಂದು ಕರೆಯಿತು. ಮಗಳ ಹೆಸರು ದೇಶವಿದೇಶಗಳಲ್ಲಿ ಮೊಳಗಿದ ಮೇಲೆ, ಹಲವರ ಪಾಲಿಗೆ ಅವರು ಕಿಶೋರಿಯ ತಾಯಿಯಾಗಿ ಮಾತ್ರ ಉಳಿದುಬಿಟ್ಟರು. ಆದರೆ ಹೊಟ್ಟೆಪಾಡು, ಅವಮಾನ, ಗುರುಗಳ ಕೊರತೆ ಇವುಗಳ ನಡುವೆಯೇ ಮನೆಯನ್ನೂ ವಿದ್ಯೆಯನ್ನೂ ಒಟ್ಟಿಗೆ ಕಟ್ಟಿ ನಿಲ್ಲಿಸಿದ ಈ ಹೆಣ್ಣುಮಗಳ ಹಟಕ್ಕೆ ತನ್ನದೇ ಕಥೆಯಿದೆ. ಎರಡು ತಂಬೂರಿಗಳ ವಿಷಯದಲ್ಲಿ ಅವರೇಕೆ ಅಷ್ಟು ಕಠಿಣವಾಗಿದ್ದರೆಂಬುದು ಆ ಕಥೆಯಿಂದಲೇ ತಿಳಿಯಬೇಕು.

ಕುರ್ಡಿಯ ಹುಡುಗಿ

ಮೋಗೂಬಾಯಿ ಹುಟ್ಟಿದ್ದು 1904ರ ಜುಲೈ 15ರಂದು, ದಕ್ಷಿಣ ಗೋವೆಯ ಕುರ್ಡಿ ಎಂಬ ಹಳ್ಳಿಯಲ್ಲಿ. ಊರು ಇದ್ದದ್ದು ಸಾಂಗೆ ತಾಲ್ಲೂಕಿನಲ್ಲಿ. ಆ ತಾಲ್ಲೂಕಿನ ಗಡಿ ಸಹ್ಯಾದ್ರಿಯ ಕಾಡಿನೊಳಗೆ ನಮ್ಮ ಉತ್ತರ ಕನ್ನಡದ ಜೋಯಿಡಾಕ್ಕೆ ತಾಗುತ್ತದೆ. ಅಂದು ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ.

ಅವರದು ಕಲಾವಂತ ಮನೆತನ. ದೇವಸ್ಥಾನಗಳ ಉತ್ಸವದಲ್ಲಿ, ಸೇವೆಯಲ್ಲಿ ಹಾಡಿ ಕುಣಿಯುತ್ತಿದ್ದ ಈ ಸಮುದಾಯದ ಹೆಣ್ಣುಮಕ್ಕಳಿಗೆ ಹೊರಗಿನ ಸಮಾಜ ಗೃಹಿಣಿಯ ಮರ್ಯಾದೆ ಕೊಡಲಿಲ್ಲ. ಹಾಡು ಬೇಕಿತ್ತು, ಹಾಡಿದವಳು ಬೇಕಿರಲಿಲ್ಲ. ಇಂಥ ಮನೆಗಳಲ್ಲಿ ತಾಯಿಯೇ ಯಜಮಾನಿ. ಮಗಳಿಗೆ ವಿದ್ಯೆ ಕೊಡಿಸುವವಳು, ಗುರುವನ್ನು ಹುಡುಕುವವಳು, ಖರ್ಚುವೆಚ್ಚ ನೋಡುವವಳು ಎಲ್ಲ ಅವಳೇ. ಮೋಗೂಬಾಯಿಯ ತಾಯಿ ಜಯಶ್ರೀಬಾಯಿಗೂ ಮಗಳು ದೊಡ್ಡ ಗಾಯಕಿಯಾಗಬೇಕೆಂಬುದೊಂದೇ ಆಸೆ. ಅದಕ್ಕಾಗಿ ಎಳೆಯ ಹುಡುಗಿಯನ್ನು ಚಂದ್ರೇಶ್ವರ ಭೂತನಾಥ ಸಂಗೀತ ಮಂಡಳಿ ಎಂಬ ನಾಟಕ ಕಂಪನಿಗೆ ಸೇರಿಸಿದರು. ಅಲ್ಲಿ ಹುಡುಗಿ ಧ್ರುವ, ಪ್ರಹ್ಲಾದನಂಥ ಬಾಲಪಾತ್ರಗಳನ್ನು ಹಾಡಿ ಅಭಿನಯಿಸಿದಳು.

1914ರಲ್ಲಿ ಜಯಶ್ರೀಬಾಯಿ ತೀರಿಕೊಂಡರು. ಮಗಳಿಗೆ ಆಗ ಹತ್ತು ವರ್ಷ. ಕೆಲಕಾಲದ ನಂತರ ಅವಳು ಹೆಂಗಸರೇ ನಡೆಸುತ್ತಿದ್ದ ಸಾತಾರಕರ್ ಸ್ತ್ರೀ ಸಂಗೀತ ಮಂಡಳಿ ಸೇರಿದಳು. ಅಲ್ಲಿ ಚಿಂತೂಬುವಾ ಗುರವ್ ಅವರಿಂದ ಸಂಗೀತಪಾಠವಾಯಿತು. ಕಂಪನಿಯಲ್ಲಿ ಮನಸ್ತಾಪ ಬಂದಾಗ ಅವಳು ತಲೆತಗ್ಗಿಸಿ ನಿಲ್ಲದೆ ಹೊರನಡೆದಳು. ಹಿಂದೆ ತಾಯಿಯಿಲ್ಲ, ಮುಂದೆ ಅನ್ನದ ದಾರಿ ಸ್ಪಷ್ಟವಿಲ್ಲ. ಮುಂದಿನ ಎಂಟು ದಶಕಗಳಲ್ಲಿ ಅವರ ನಡೆಯಲ್ಲಿ ಮತ್ತೆ ಮತ್ತೆ ಕಾಣುವ ಗುಣ ಆಗಲೇ ಮೊಳೆತಿತ್ತು.

ಗುರುವಿಗಾಗಿ ಕಾದ ವರ್ಷಗಳು

1919ರ ಹೊತ್ತಿಗೆ ಆರೋಗ್ಯ ಕೆಟ್ಟು, ಚಿಕಿತ್ಸೆಗೆಂದು ಮೋಗೂಬಾಯಿ ಸಾಂಗ್ಲಿಗೆ ಬಂದರು. ಅಲ್ಲಿ ಇನಾಯತ್ ಖಾನ್ ಎಂಬ ಉಸ್ತಾದರಲ್ಲಿ ಕಲಿಕೆ ಶುರುವಾಯಿತು. ಅದೂ ಅರ್ಧಕ್ಕೇ ನಿಂತಿತು. ಪಾಠ ನಿಂತರೂ ಹುಡುಗಿ ರಿಯಾಜ್ ನಿಲ್ಲಿಸಲಿಲ್ಲ. ಕಲಿತಷ್ಟನ್ನೇ ದಿನವೂ ತಿದ್ದಿ ತೀಡಿ ಹಾಡಿಕೊಳ್ಳುತ್ತಿದ್ದಳು.

ಆ ದಿನಗಳಲ್ಲಿ ಸಾಂಗ್ಲಿಗೆ ಇನ್ನೊಬ್ಬರು ವೈದ್ಯಕ್ಕಾಗಿ ಬಂದಿದ್ದರು. ಅವರು ಜೈಪುರ–ಅತ್ರೌಲಿ ಘರಾಣೆಯ ಪ್ರವರ್ತಕ ಉಸ್ತಾದ್ ಅಲ್ಲಾದಿಯಾ ಖಾನ್, ಕೊಲ್ಹಾಪುರದ ಶಾಹೂ ಮಹಾರಾಜರ ಆಸ್ಥಾನ ಗಾಯಕರು. ದಿನವೂ ಅದೇ ದಾರಿಯಲ್ಲಿ ಓಡಾಡುತ್ತಿದ್ದ ಅವರ ಕಿವಿಗೆ ಈ ಹುಡುಗಿಯ ರಿಯಾಜ್ ಬೀಳುತ್ತಿತ್ತು. ಒಂದು ದಿನ ಅವರು ಮನೆಯೊಳಗೇ ಬಂದು ಹಾಡು ಕೇಳಿದರು, ಆಮೇಲೆ ತಾವೇ ಕಲಿಸಲು ಕುಳಿತರು. ಕಲಿಸುತ್ತಿರುವವರು ಎಷ್ಟು ದೊಡ್ಡವರೆಂಬುದು ಆಕೆಗೆ ಗೊತ್ತಾದದ್ದು ನಂತರವೇ. ಸಂಗೀತಗಾರರ ನಡುವೆ ಇಂದಿಗೂ ಅಕ್ಕರೆಯಿಂದ ಹೇಳಿಕೊಳ್ಳುವ ಪ್ರಸಂಗ ಇದು.

ಖಾನ್ ಸಾಹೇಬರು ಮುಂಬಯಿಗೆ ಹೋದರು. ವಿದ್ಯೆಯ ಬೆನ್ನು ಹತ್ತಿ ಮೋಗೂಬಾಯಿಯೂ ಹೊರಟರು. ಅಲ್ಲಿ ದೊಡ್ಡ ಅಡ್ಡಿ ಎದುರಾಯಿತು. ಗೋವೆಯವರೇ ಆದ ಕೇಸರಬಾಯಿ ಕೇರ್ಕರ್ ಅದೇ ಗುರುವಿನ ಶಿಷ್ಯೆ. ತಮ್ಮ ಹೊರತು ಬೇರೆ ಹೆಣ್ಣುಮಕ್ಕಳಿಗೆ ಗುರುಗಳು ಕಲಿಸಕೂಡದೆಂಬುದು ಅವರ ಕಟ್ಟಳೆಯಾಗಿತ್ತೆಂದು ಸಂಗೀತವಲಯ ನೆನೆಯುತ್ತದೆ. ಕೇಸರಬಾಯಿಯೂ ಸಾಮಾನ್ಯರಲ್ಲ. 1977ರಲ್ಲಿ ವಾಯೇಜರ್ ನೌಕೆಗಳು ಬಾಹ್ಯಾಕಾಶಕ್ಕೆ ಒಯ್ದ ಧ್ವನಿಮುದ್ರಿಕೆಯಲ್ಲಿ ಭಾರತದ ಸಂಗೀತವಾಗಿ ಸೇರಿದ್ದು ಅವರ ದನಿಯೇ. ಗೋವೆಯ ಎರಡು ಗಟ್ಟಿ ಜೀವಗಳು ಒಬ್ಬನೇ ಗುರುವಿನ ಬಾಗಿಲಲ್ಲಿ ಎದುರುಬದುರಾದವು. ಅಧಿಕಾರ, ಪ್ರಭಾವ ಎರಡೂ ಇಲ್ಲದ ಮೋಗೂಬಾಯಿಯ ಪಾಠ ನಿಂತಿತು.

ಅವರು ಜಗಳಕ್ಕೆ ನಿಲ್ಲಲಿಲ್ಲ, ಊರಿಗೂ ಮರಳಲಿಲ್ಲ. ಆಗ್ರಾ ಘರಾಣೆಯ ಬಶೀರ್ ಖಾನ್ ಮತ್ತು ವಿಲಾಯತ್ ಹುಸೇನ್ ಖಾನರಲ್ಲಿ ಕಲಿತರು. 1926ರಲ್ಲಿ ಅಲ್ಲಾದಿಯಾ ಖಾನರ ತಮ್ಮ ಹೈದರ್ ಖಾನರಿಂದ ಪಾಠ ದೊರೆಯಿತು. 1931ರಲ್ಲಿ ಹೈದರ್ ಖಾನರೂ ಮುಂಬಯಿ ಬಿಟ್ಟರು. ಮತ್ತೆ ಕಾಯುವ ಕಾಲ. ಕೊನೆಗೆ 1934ರಲ್ಲಿ ಅಲ್ಲಾದಿಯಾ ಖಾನರು ಅವರನ್ನು ಪುನಃ ಶಿಷ್ಯೆಯಾಗಿ ಸ್ವೀಕರಿಸಿದರು. ಗುರು ತೀರಿಕೊಂಡ 1946ರವರೆಗೂ ಆ ಪಾಠ ಸಾಗಿತು. ಸಾಂಗ್ಲಿಯ ಮೊದಲ ಪಾಠದಿಂದ ಲೆಕ್ಕ ಹಾಕಿದರೆ, ತಾನು ಬಯಸಿದ ಗುರುವಿನ ಮುಂದೆ ಮತ್ತೆ ಕೂರಲು ಅವರಿಗೆ ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಎರಡೇ ಸಲ

ಈ ನಡುವೆಯೇ ಸಂಸಾರವೂ ಬೆಳೆಯಿತು. ಮಾಧವದಾಸ ಭಾಟಿಯಾ ಅವರೊಂದಿಗಿನ ದಾಂಪತ್ಯದಲ್ಲಿ ಮೂವರು ಮಕ್ಕಳು. ಹಿರಿಯಳು ಕಿಶೋರಿ. ಮಕ್ಕಳು ಇನ್ನೂ ಚಿಕ್ಕವರಿದ್ದಾಗಲೇ ಪತಿ ತೀರಿಕೊಂಡರು. ಮುಂಬಯಿಯಂಥ ಊರಿನಲ್ಲಿ ಮೂರು ಮಕ್ಕಳ ಹೊಟ್ಟೆ ಬಟ್ಟೆ, ಶಾಲೆ, ಬಾಡಿಗೆ ಎಲ್ಲವೂ ಒಬ್ಬ ಗಾಯಕಿಯ ಕೊರಳಿನ ಮೇಲೆ ಬಿತ್ತು.

ಕಚೇರಿಗಳಿಗೆ ಹೋದಾಗ ಹಿಂದೆ ತಂಬೂರಿ ಹಿಡಿದು ಕೂರುತ್ತಿದ್ದವಳು ಕಿಶೋರಿ. ಸಂಘಟಕರು ತಾಯಿಯನ್ನು ಹೇಗೆ ನಡೆಸಿಕೊಳ್ಳುತ್ತಿದ್ದರೆಂಬುದನ್ನು ಆ ಹುಡುಗಿ ಹತ್ತಿರದಿಂದ ಕಂಡಳು. ಸಂಭಾವನೆ ಕಡಿಮೆ. ಪ್ರಯಾಣ, ವಸತಿಯ ಏರ್ಪಾಡಿನಲ್ಲಿ ಉಪೇಕ್ಷೆ. ಅಷ್ಟು ದೊಡ್ಡ ವಿದ್ವಾಂಸಳಿಗೆ ಸಲ್ಲಬೇಕಾದ ಗೌರವ ಇಲ್ಲ. ಅಮೋಲ್ ಪಾಲೇಕರ್ ಮತ್ತು ಸಂಧ್ಯಾ ಗೋಖಲೆ ತೆಗೆದ ‘ಭಿನ್ನ ಷಡ್ಜ’ ಸಾಕ್ಷ್ಯಚಿತ್ರದಲ್ಲಿ ಕಿಶೋರಿ ಆ ದಿನಗಳ ನೋವನ್ನು ನೆನೆದಿದ್ದಾರೆ. ಮುಂದೆ ಕಚೇರಿಯ ಏರ್ಪಾಡು, ಸಭೆಯ ಶಿಸ್ತು, ಕಲಾವಿದರ ಮರ್ಯಾದೆ ಇವುಗಳ ಬಗ್ಗೆ ಅವರು ಕಟ್ಟುನಿಟ್ಟಾದರು. ಜನ ಅದನ್ನು ಸಿಡುಕು ಎಂದರು. ತಾಯಿ ಮೌನವಾಗಿ ನುಂಗಿಕೊಂಡದ್ದನ್ನು ಮಗಳು ನುಂಗಲು ಒಪ್ಪಲಿಲ್ಲ, ಅಷ್ಟೇ.

ಸಭೆಯಲ್ಲಿ ನುಂಗಿಕೊಂಡ ತಾಯಿ ಮನೆಯ ಪಾಠದಲ್ಲಿ ಮಾತ್ರ ಒಂದಿಷ್ಟೂ ಬಿಟ್ಟುಕೊಡುತ್ತಿರಲಿಲ್ಲ. ಬಂದಿಶಿನ ಸ್ಥಾಯಿಯನ್ನೂ ಅಂತರಾವನ್ನೂ ಅವರು ಎರಡೇ ಸಲ ಹಾಡಿ ತೋರಿಸುತ್ತಿದ್ದರೆಂದು ಕಿಶೋರಿ ಹೇಳುತ್ತಿದ್ದರು. ಮೂರನೆಯ ಸಲ ಇಲ್ಲ. ಅಷ್ಟರಲ್ಲೇ ಮಗಳು ಅದರ ಪ್ರತಿಯೊಂದು ತಿರುವನ್ನೂ ಹಿಡಿಯಬೇಕು. ಇದು ಬರಿಯ ಗದರಿಕೆಯಲ್ಲ. ಜೈಪುರ–ಅತ್ರೌಲಿ ಗಾಯಕಿಯಲ್ಲಿ ಸ್ವರ ತಾಳಕ್ಕೆ ಹೆಣೆದುಕೊಂಡೇ ಸಾಗುತ್ತದೆ. ಆಕಾರದಲ್ಲಿ ಹರಿಯುವ ತಾನಿನ ಒಂದೊಂದು ಸುತ್ತೂ ತಬಲಾದ ಠೇಕೆಯ ಜೊತೆ ಲೆಕ್ಕವಿಟ್ಟುಕೊಂಡು, ಪ್ರಯತ್ನ ಕಾಣಿಸದಂತೆ ಸಮಕ್ಕೆ ಬಂದು ಕೂಡಬೇಕು. ಎರಡು ರಾಗಗಳನ್ನು ಬೆಸೆದ ಜೋಡುರಾಗಗಳು, ಬೇರೆಡೆ ಅಪರೂಪಕ್ಕೆ ಕೇಳುವ ರಾಗಗಳು ಈ ಘರಾಣೆಯ ಸೊತ್ತು. ಅವುಗಳ ನಡೆ ಒಂದು ಎಳೆ ತಪ್ಪಿದರೂ ರಾಗವೇ ಬೇರೆಯಾಗಿಬಿಡುತ್ತದೆ. ಕಿವಿಯಲ್ಲಿ ಪೂರ್ತಿ ಗಮನವಿಟ್ಟು ಕೂತವರಿಗೆ ಮಾತ್ರ ಅದು ದಕ್ಕುತ್ತದೆ. ಇನ್ನೊಮ್ಮೆ ಕೇಳಬಹುದೆಂಬ ಭರವಸೆ ಇರುವವರು ಮೊದಲ ಸಲ ಅಷ್ಟು ಗಾಢವಾಗಿ ಕೇಳುವುದಿಲ್ಲ. ಮಾಯಿ ತೆಗೆದುಹಾಕಿದ್ದು ಆ ಭರವಸೆಯನ್ನೇ.

ಇಷ್ಟು ಬಿಗಿಯಾದ ತಾಯಿ ಮಗಳನ್ನು ತನ್ನ ನೆರಳಾಗಿ ಬೆಳೆಸಲಿಲ್ಲ ಎಂಬುದನ್ನು ಮರೆಯಬಾರದು. ಕಿಶೋರಿ ಬೇರೆ ಘರಾಣೆಗಳ ಗುರುಗಳಲ್ಲೂ ಕಲಿತರು. ಅವರಲ್ಲಿ ಮುಖ್ಯರು ಭಿಂಡಿಬಜಾರ್ ಘರಾಣೆಯ ಅಂಜನೀಬಾಯಿ ಮಾಲ್ಪೇಕರ್. ಅವರೂ ಗೋವೆ ಮೂಲದವರೇ. ಒಬ್ಬ ಗುರು ಸಿಗದಾಗ ಇನ್ನೊಂದು ಘರಾಣೆಯ ಬಾಗಿಲು ತಟ್ಟಿ ಕಲಿತಿದ್ದ ಮೋಗೂಬಾಯಿಗೆ ವಿದ್ಯೆಯಲ್ಲಿ ಬೇಲಿ ಕಟ್ಟಿಕೊಳ್ಳುವುದರ ನಷ್ಟ ಗೊತ್ತಿತ್ತು. ಅವರ ಹಟವೆಲ್ಲ ಶ್ರದ್ಧೆಯ ವಿಷಯದಲ್ಲಿ.

ಇಂಥ ತಾಯಂದಿರು

ಕನ್ನಡದ ಓದುಗರಿಗೆ ಈ ಕಥೆ ಕೇಳುವಾಗ ಹುಬ್ಬಳ್ಳಿ–ಧಾರವಾಡದ ಇನ್ನೊಬ್ಬ ತಾಯಿ ನೆನಪಾಗಬೇಕು. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಹಾಡಿಕೆಯ ಛಾಯೆ ಅವಳ ಕೊರಳಿಗೆ ಅಂಟಬಾರದೆಂದು ಅಂಬಾಬಾಯಿ ತಾವು ಹಾಡುವುದನ್ನೇ ಬಿಟ್ಟರು. 1932ರಲ್ಲಿ ಅವರು ತೀರಿಕೊಂಡಾಗ ಗಂಗೂಬಾಯಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮೋಗೂಬಾಯಿ ತಂಬೂರಿ ಹಿಡಿದು ನಿಯಮ ಹಾಕಿದರು, ಅಂಬಾಬಾಯಿ ತಂಬೂರಿ ಕೆಳಗಿಟ್ಟು ದಾರಿ ಬಿಟ್ಟರು. ಸಮಾಜ ಅಂಚಿಗೆ ತಳ್ಳಿದ ಮನೆಗಳಲ್ಲಿ ಮಗಳಿಗೆ ಉಳಿಸಿ ಹೋಗಬಹುದಾದ ಆಸ್ತಿ ವಿದ್ಯೆಯೊಂದೇ ಎಂಬ ಅರಿವು ಇಬ್ಬರಿಗೂ ಇತ್ತು. ಹೊಲಮನೆ, ಒಡವೆಗಳನ್ನು ಕಸಿಯಬಲ್ಲವರಿಗೆ ಅದನ್ನು ಕಸಿಯಲಾಗದು.

ಮೋಗೂಬಾಯಿಗೆ ಮನ್ನಣೆ ತಡವಾಗಿ ಬಂತು. 1968ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ. ಅಷ್ಟರಲ್ಲಿ ಅವರಿಗೆ ಎಪ್ಪತ್ತು. ತನಗೆ ವಿದ್ಯೆ ಸಿಗಲು ಅಷ್ಟು ಅಡ್ಡಿಗಳಿದ್ದರೂ ಅವರು ಹಲವರಿಗೆ ಅದನ್ನು ಹಂಚಿದರು. ಪದ್ಮಾ ತಳವಲ್ಕರ್, ಕಮಲ್ ತಾಂಬೆ, ಬಬನರಾವ್ ಹಳದಣಕರ್, ಕೌಸಲ್ಯಾ ಮಂಜೇಶ್ವರ್, ಅರುಣ್ ದ್ರವಿಡ್ ಮೊದಲಾದವರು ಅವರ ಮುಂದೆ ಕೂತು ಕಲಿತವರು. ಅರುಣ್ ದ್ರವಿಡ್ ವೃತ್ತಿಯಲ್ಲಿ ಎಂಜಿನಿಯರ್. ಕಲಾವಂತರ ಮನೆಯಲ್ಲಿ ಹುಟ್ಟದ ಗಂಡುಮಕ್ಕಳೂ ಮಾಯಿಯ ಮುಂದೆ ಶಿಷ್ಯರಾಗಿ ಕೂತರು. ಒಂದು ಕಾಲದಲ್ಲಿ ಅವರಿಗೆ ಮರ್ಯಾದೆ ಕೊಡಲು ಹಿಂಜರಿದ ಸಮಾಜವೇ ಈಗ ವಿದ್ಯೆ ಬೇಡಿ ಅವರ ಮನೆಗೆ ಬಂದಿತ್ತು.

2001ರ ಫೆಬ್ರವರಿ 10ರಂದು ಮೋಗೂಬಾಯಿ ಕಣ್ಣುಮುಚ್ಚಿದರು. ಆ ವೇಳೆಗೆ ಅವರು ಹುಟ್ಟಿದ ಊರೂ ಇರಲಿಲ್ಲ. ಸಾಳಾವಳಿ ಅಣೆಕಟ್ಟೆಗಾಗಿ ಕುರ್ಡಿ 1980ರ ದಶಕದಲ್ಲಿ ಮುಳುಗಿತು. ಗೋವೆ ಕದಂಬರ ಕಾಲದ ಅಲ್ಲಿನ ಮಹಾದೇವ ದೇವಸ್ಥಾನವನ್ನು ಕಲ್ಲುಕಲ್ಲಾಗಿ ಬಿಚ್ಚಿ ಅಣೆಕಟ್ಟೆಯ ಬಳಿ ಮರುಕಟ್ಟಿದರು, ಜನರನ್ನು ಬೇರೆ ಊರುಗಳಿಗೆ ಒಕ್ಕಲೆಬ್ಬಿಸಿದರು. ಬೇಸಗೆಯಲ್ಲಿ ನೀರು ಇಳಿದಾಗ ಹಳೆಯ ಮನೆಗಳ ಅಡಿಪಾಯಗಳು ಮೇಲೆ ಕಾಣುತ್ತವೆ. ಮೋಗೂಬಾಯಿಯವರ ಮನೆಯ ಕುರುಹನ್ನೂ ಊರವರು ಬಂದವರಿಗೆ ತೋರಿಸುತ್ತಾರೆ. ಪ್ರತಿವರ್ಷ ಮೇ ತಿಂಗಳಲ್ಲಿ ಚದುರಿಹೋದ ಹಿಂದೂಗಳೂ ಕ್ರೈಸ್ತರೂ ತಮ್ಮ ತಮ್ಮ ದೇವರ ಹಬ್ಬಕ್ಕೆ ಅಲ್ಲಿ ಸೇರುತ್ತಾರೆ.

ಮೋಗೂಬಾಯಿಯ ಸಂಗೀತವನ್ನು ಅರಿಯಲು ಕುರ್ಡಿಗೇ ಹೋಗಬೇಕೆಂದಿಲ್ಲ. ಅವರ ಧ್ವನಿಮುದ್ರಣಗಳು ಹೆಚ್ಚಿಲ್ಲದಿದ್ದರೂ ಉಳಿದವು ಇಂದು ಸುಲಭವಾಗಿ ಕೇಳಸಿಗುತ್ತವೆ. ಮೊದಲು ತಾಯಿಯದನ್ನು ಕೇಳಬೇಕು. ಲಯದ ಮೇಲೆ ಕೂತ ಆ ಕೊರಳು ಎಲ್ಲಿಯೂ ಅವಸರಪಡದು. ಆಮೇಲೆ ಕಿಶೋರಿಯವರ ಭೂಪ್ ರಾಗ. ಅಲ್ಲಿ ಅದೇ ಶಿಸ್ತು ಇದ್ದರೂ ಒಂದೊಂದು ಸ್ವರದ ಮೇಲೂ ನಿಂತು ಭಾವವನ್ನು ಹುಡುಕುವ ಹಂಬಲ ಎದ್ದು ಕೇಳುತ್ತದೆ. ಇವೆರಡರ ಜೊತೆಗೆ ನಮ್ಮ ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆಯನ್ನೂ ಇಟ್ಟುಕೊಳ್ಳಬಹುದು. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀ ಖಾನ್ ಮತ್ತು ಭುರ್ಜೀ ಖಾನರಿಂದ ಅವರಿಗೂ ಬಂದದ್ದು ಇದೇ ಗಾಯಕಿ. ಒಂದೇ ವಿದ್ಯೆ ಧಾರವಾಡದಲ್ಲಿ ಒಂದು ಬಗೆ, ಮೋಗೂಬಾಯಿಯ ಮನೆಯಲ್ಲಿ ಎರಡು ಬಗೆಯಾಗಿ ಅರಳಿದ್ದು ಆಗ ತಾನಾಗಿ ತಿಳಿಯುತ್ತದೆ.