ಮಕ್ಕಳ ತಲೆಹೇನು: ನಾಚಿಕೆ ಬೇಡ, ಒಂಬತ್ತನೆಯ ದಿನ ಮರೆಯಬೇಡಿ

ಮೇ ತಿಂಗಳ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗುವುದು ಮುಂಬಯಿ ಕನ್ನಡಿಗರ ವಾಡಿಕೆ. ಮತ್ಸ್ಯಗಂಧದಲ್ಲಿ ಹಿಂದಿರುಗುವಾಗ ಹಪ್ಪಳ, ಉಪ್ಪಿನಕಾಯಿಯ ಕಟ್ಟಿನೊಂದಿಗೆ ಟಿಕೇಟಿಲ್ಲದೆ ಬರುವ ಇನ್ನೊಂದಿದೆ. ಅದೇ ಹೇನು. ಅಜ್ಜಿಮನೆಯ ಚಾವಡಿಯಲ್ಲಿ ಮೊಮ್ಮಕ್ಕಳೆಲ್ಲ ತಲೆಗೆ ತಲೆ ತಾಗಿಸಿ ಮಲಗಿದರೆ ಇನ್ನೇನಾದೀತು? (ನಮ್ಮ ಮಕ್ಕಳೇ ಮುಂಬಯಿಯಿಂದ ತಂದರೆಂದು ಊರಿನವರು ಹೇಳುತ್ತಾರೆ, ಅದು ಬೇರೆ ಮಾತು.) ಮೊದಲ ಬಾರಿ ಹೇನು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಹೀಗಾಗಿ ಮೇ ತಿಂಗಳಲ್ಲಿ ಅಂಟಿದ್ದು ಜೂನಿನಲ್ಲಿ ಶಾಲೆ ತೆರೆದ ಮೇಲೆ ತಿಳಿಯುತ್ತದೆ. ಅಷ್ಟರಲ್ಲಿ ಮನೆಮಂದಿಗೂ ಹಬ್ಬಿರುತ್ತದೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಡೊಂಬಿವಲಿಯ ನಮ್ಮ ಮನೆಯಲ್ಲೂ ಹೀಗೇ ಆಯಿತು. ಮೂರನೆಯ ತರಗತಿಯಲ್ಲಿದ್ದ ಮಗಳನ್ನು ಟೀಚರ್ ಹಿಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿ, ಡೈರಿಯಲ್ಲಿ 'ಸ್ವಚ್ಛತೆ ಕಾಪಾಡಿ' ಎಂದು ಬರೆದು ಕಳುಹಿಸಿದರು. ಬ್ಯಾಂಕ್ ಮುಗಿಸಿ, ಲೋಕಲ್‌ನಲ್ಲಿ ನಿಂತುಕೊಂಡೇ ಬಂದು ರಾತ್ರಿ ಎಂಟಕ್ಕೆ ಮನೆ ಸೇರುತ್ತಿದ್ದ ನನಗೆ ಆ ಎರಡು ಶಬ್ದ ಚುಚ್ಚಿದವು. ಯಾರೋ ಹೇಳಿದರೆಂದು ಸೀತಾಫಲದ ಬೀಜ ಅರೆದು ಅವಳ ತಲೆಗೆ ಹಚ್ಚಿದೆ. ಸ್ನಾನ ಮಾಡಿಸುವಾಗ ಅದು ಕಣ್ಣಿಗೆ ಇಳಿಯಿತು. ರಾತ್ರಿಯಿಡೀ ಮಗು ಕಣ್ಣು ತೆರೆಯಲಿಲ್ಲ. "ಅಮ್ಮಾ, ಕೂದಲು ಕತ್ತರಿಸಿಬಿಡು, ಇದು ಬೇಡ" ಎಂದು ಅಳುತ್ತಿದ್ದಳು. ಕಣ್ಣುಗುಡ್ಡೆಯ ಮೇಲ್ಪದರ ಸುಲಿದಿದೆ ಎಂದರು ಡಾಕ್ಟರು. ಪುಣ್ಯಕ್ಕೆ ವಾರದಲ್ಲಿ ವಾಸಿಯಾಯಿತು. ಆ ಬೀಜ ಹೇನನ್ನು ಕೊಲ್ಲುವುದು ನಿಜ, ಕಣ್ಣಿಗೆ ಹಾನಿ ಮಾಡುವುದೂ ಅಷ್ಟೇ ನಿಜ. ಸೀಮೆಎಣ್ಣೆಯಂತೂ ಬೇಡವೇ ಬೇಡ, ಒಂದು ಕಿಡಿ ಸಾಕು.

ಹೇನಿಗೂ ಕೊಳಕಿಗೂ ಸಂಬಂಧವಿಲ್ಲ. ದಿನಾ ತಲೆ ತೊಳೆದ ಕೂದಲಿನಲ್ಲೂ ಅದು ಸುಖವಾಗಿ ಬಾಳುತ್ತದೆ. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ. ಒಂದು ತಲೆಯಿಂದ ಇನ್ನೊಂದಕ್ಕೆ ತೆವಳಿಯೇ ಹೋಗಬೇಕು. ರೋಗವನ್ನೂ ಹರಡುವುದಿಲ್ಲ. ಹೇನಿನ ಕಾರಣಕ್ಕೆ ಮಗುವನ್ನು ಶಾಲೆ ಬಿಡಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯೇ ಹೇಳಿದೆ.

ನಾವು ಸೋಲುವುದು ಲೆಕ್ಕದಲ್ಲಿ. ಹೆಣ್ಣುಹೇನು ದಿನಕ್ಕೆ ಆರೆಂಟು ಮೊಟ್ಟೆ, ಅಂದರೆ ಸೀರು, ಇಡುತ್ತದೆ. ಕೂದಲ ಬುಡಕ್ಕೆ ಗೋಂದಿನಂತೆ ಅಂಟಿದ ಅದು ಏಳರಿಂದ ಹತ್ತು ದಿನಗಳಲ್ಲಿ ಒಡೆಯುತ್ತದೆ. ಔಷಧದಂಗಡಿಯಲ್ಲಿ ಸಿಗುವ 1 ಶೇಕಡಾ ಪರ್ಮೆಥ್ರಿನ್ ಲೋಷನ್ ಹೇನನ್ನು ಕೊಲ್ಲುತ್ತದೆ, ಸೀರನ್ನು ಕೊಲ್ಲುವುದಿಲ್ಲ. ಒಂದೇ ಸಲ ಹಚ್ಚಿ ಸುಮ್ಮನಾದರೆ ಬಡ್ಡಿ ಕಟ್ಟಿ ಅಸಲು ಉಳಿಸಿಕೊಂಡಂತೆ. ಸರಿಯಾಗಿ ಒಂಬತ್ತನೆಯ ದಿನ ಇನ್ನೊಮ್ಮೆ ಹಚ್ಚಬೇಕು. ತಲೆ ತೊಳೆದು, ಟವೆಲಿನಿಂದ ಒರೆಸಿ, ಲೋಷನ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯುವುದು. ಎರಡು ತಿಂಗಳೊಳಗಿನ ಶಿಶುವಿಗೆ ಸಲ್ಲದು. ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಗಾಮಾ ಬೆಂಜೀನ್ ಹೆಕ್ಸಾಕ್ಲೋರೈಡ್ ಮಕ್ಕಳ ನರಗಳಿಗೆ ಅಪಾಯಕಾರಿ. ಹಳೆಯ ಬಾಟಲಿ ಇದ್ದರೆ ಎಸೆದುಬಿಡಿ.

ಔಷಧಕ್ಕಿಂತ ನನಗೆ ನಂಬಿಕೆ ನಮ್ಮ ಸೀರಣಿಗೆಯಲ್ಲಿ, ಇಲ್ಲಿನವರು ಫಣಿ ಎನ್ನುವ ಅದೇ ಒತ್ತುಹಲ್ಲಿನ ಬಾಚಣಿಗೆಯಲ್ಲಿ. ಇಸ್ರೇಲಿನ ಲಾಖೀಶ್‌ನಲ್ಲಿ ಸಿಕ್ಕ, ಸುಮಾರು 3,700 ವರ್ಷ ಹಳೆಯ ದಂತದ ಬಾಚಣಿಗೆಯೊಂದರ ಮೇಲೆ ಹೇನು ತೊಲಗಲಿ ಎಂಬ ಹಾರೈಕೆ ಕೆತ್ತಿರುವುದು 2022ರಲ್ಲಿ ಪ್ರಕಟವಾಯಿತು! ಒದ್ದೆ ಕೂದಲಿಗೆ ತೆಂಗಿನೆಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಒಂದೊಂದೇ ಎಳೆ ಹಿಡಿದು ಬುಡದಿಂದ ತುದಿಯವರೆಗೆ ಬಾಚಬೇಕು. ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ದಿನ ಬಿಟ್ಟು ದಿನ, ಎರಡು ವಾರ. ಕಪ್ಪು ಟಿವಿ ಮುಂದೆ ಕೂರಿಸಿದರೆ ಮಕ್ಕಳು ಸುಮ್ಮನಿರುತ್ತಾರೆ. ಒಂದೇ ಖೋಲಿಯಲ್ಲಿ ಐದಾರು ಮಂದಿ ಮಲಗುವ ನಮ್ಮಂಥವರು ಎಲ್ಲರ ತಲೆಯನ್ನೂ ಅದೇ ದಿನ ನೋಡಬೇಕು, ಗಂಡಸರೂ ಸೇರಿ. ತಲೆಯಿಂದ ಬಿದ್ದ ಹೇನು ಎರಡು ದಿನ ಬದುಕದು. ದಿಂಬಿನ ಚೀಲ, ಟವೆಲುಗಳನ್ನು ಬಿಸಿನೀರಿನಲ್ಲಿ ಒಗೆದರೆ ಸಾಕು, ಮನೆಗೆಲ್ಲ ಔಷಧ ಹೊಡೆಯಬೇಕಿಲ್ಲ.

ಜೂನ್ ಬಂತೆಂದರೆ ನಮ್ಮ ಸಂಘಗಳು ಮಕ್ಕಳಿಗೆ ಉಚಿತ ನೋಟ್‌ಬುಕ್ ವಿತರಿಸುತ್ತವೆ. ಮಹಿಳಾ ವಿಭಾಗದವರು ಆ ಚೀಲದಲ್ಲಿ ಒಂದೊಂದು ಸೀರಣಿಗೆಯನ್ನೂ ಹಾಕಿಕೊಟ್ಟರೆ ಹೇಗೆ? ನಮ್ಮ ಸಂಘದ ಮುಂದಿನ ಸಭೆಯಲ್ಲಿ ನಾನಂತೂ ಕೇಳುವವಳಿದ್ದೇನೆ.