ಊಟವನ್ನು ಬಲ್ಲವರಾರು?

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಆದರೆ ದೇಹದೊಳಗೆ ಊಟವನ್ನು ಬಲ್ಲವರಾರು? ನಾಲಗೆಯೆ? ಹೊಟ್ಟೆಯೆ? ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಭಾಗದ ನರಕೋಶಗಳೇ ಅದನ್ನು ಮುಖ್ಯವಾಗಿ ಬಲ್ಲವೆಂದು ಇಂದಿನ ಶರೀರಶಾಸ್ತ್ರವು ಉತ್ತರಿಸುತ್ತದೆ.

ಮೆದುಳಿನ ತೂಕವು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೂ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 20 ಪಾಲನ್ನು ಅದೊಂದೇ ಬಳಸುತ್ತದೆ. ರಕ್ತದೊಳಗಿನ ಗ್ಲೂಕೋಸ್ ಸಕ್ಕರೆಯೇ ಅದರ ಮುಖ್ಯಾಹಾರ. ಇಂತಹ ಮೆದುಳು ಉಗ್ರಾಣದ ಲೆಕ್ಕವನ್ನು ತಾನೇ ನೋಡಿಕೊಳ್ಳುವುದರಲ್ಲಿ ಆಶ್ಚರ್ಯವೇನು?

ಈ ಸಂಬಂಧದ ಸುಳಿವು ಮೊದಲು ದೊರೆತದ್ದು ಫ್ರಾನ್ಸಿನ ಕ್ಲೋಡ್ ಬರ್ನಾರ್ಡನಿಗೆ. 1849ರಲ್ಲಿ ಆತನು ಪ್ರಾಣಿಯ ಮೆದುಳಿನ ಹಿಂಬದಿಯ ಬುಡವನ್ನು ಸೂಜಿಯಿಂದ ಚುಚ್ಚಲು, ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಆದರೆ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದ ನಾಯಿಗೆ ಮಧುಮೇಹವುಂಟಾಗುವುದೆಂದು 1889ರಲ್ಲಿ ತಿಳಿದುಬಂದಿತು. 1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಆ ಗ್ರಂಥಿಯಿಂದ ಇನ್ಸುಲಿನ್ನನ್ನು ಬೇರ್ಪಡಿಸಿದರು. ವಿದ್ವಾಂಸರ ದೃಷ್ಟಿಯೆಲ್ಲವೂ ಅತ್ತ ಹೊರಳಿತು. ಬರ್ನಾರ್ಡನ ಸುಳಿವು ಬಹುಕಾಲ ಮೂಲೆಗುಂಪಾಯಿತು.

1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಹೋದ್ಯೋಗಿಗಳು ದೇಹದ ಕೊಬ್ಬಿನಿಂದಲೇ ಹೊರಡುವ ಹಾರ್ಮೋನೊಂದನ್ನು ಕಂಡುಹಿಡಿದರು. 'ತೆಳು' ಎಂಬರ್ಥದ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂಬ ಹೆಸರಾಯಿತು. ಕೊಬ್ಬಿನ ದಾಸ್ತಾನು ಎಷ್ಟಿದೆಯೆಂಬ ವರದಿಯನ್ನು ಇದು ರಕ್ತದ ಮೂಲಕ ಹೈಪೋಥಲಾಮಸ್ಸಿಗೆ ಒಯ್ಯುತ್ತದೆ. ಅಲ್ಲಿರುವ ಒಂದು ಬಗೆಯ ನರಕೋಶಗಳು ಹಸಿವನ್ನು ಕೆರಳಿಸಿದರೆ, ಇನ್ನೊಂದು ಬಗೆಯವು ತೃಪ್ತಿಯನ್ನು ತರುತ್ತವೆ. ಲೆಪ್ಟಿನ್ ಮೊದಲನೆಯವನ್ನು ಅಡಗಿಸಿ ಎರಡನೆಯವನ್ನು ಎಚ್ಚರಿಸುತ್ತದೆ. ಇನ್ಸುಲಿನ್ ಕೂಡ ರಕ್ತದಿಂದ ಮೆದುಳನ್ನು ಸೇರಿ ಇದಕ್ಕೆ ನೆರವಾಗುತ್ತದೆ. ಅಷ್ಟೇ ಅಲ್ಲ, ಈ ಕೋಶಗಳ ಆಜ್ಞೆಯು ನರಗಳ ಮೂಲಕ ಯಕೃತ್ತನ್ನು ತಲುಪಿ, ಅದು ರಕ್ತಕ್ಕೆ ಬಿಡುವ ಸಕ್ಕರೆಯನ್ನು ತಗ್ಗಿಸುವುದೂ ಇಲಿಗಳ ಮೇಲಿನ ಪ್ರಯೋಗಗಳಿಂದ ಸಿದ್ಧಪಟ್ಟಿದೆ.

ಈ ವರದಿಯೇ ಬಾರದಿದ್ದರೆ ಏನಾದೀತು? ಇಂಗ್ಲೆಂಡಿನ ವೈದ್ಯರು 1997ರಲ್ಲಿ ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಇಬ್ಬರು ಮಕ್ಕಳನ್ನು ಗುರುತಿಸಿದರು. ಎಷ್ಟು ಉಂಡರೂ ಅವರ ಹಸಿವು ಹಿಂಗುತ್ತಿರಲಿಲ್ಲ. ಮೈಯಲ್ಲಿ ಕೊಬ್ಬು ತುಂಬಿದ್ದರೂ ಮೆದುಳು ಮಾತ್ರ ಬರಗಾಲವೆಂದೇ ಬಗೆದಿತ್ತು. ಅವರಲ್ಲಿ ಒಂಬತ್ತು ವರ್ಷದ ಬಾಲಿಕೆಗೆ ಪ್ರತಿದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಡಲು, ಹಸಿವು ತಾನಾಗಿ ಶಮನಗೊಂಡು ಒಂದು ವರ್ಷದಲ್ಲಿ ಸುಮಾರು 16 ಕಿಲೋ ತೂಕ ಇಳಿಯಿತು. ಆಕೆಯ ದೋಷ ಹೊಟ್ಟೆಬಾಕತನವಾಗಿರಲಿಲ್ಲ.

ಇಂತಹ ಕೊರತೆ ಅತಿ ವಿರಳ. ಸ್ಥೂಲಕಾಯರಲ್ಲಿ ಸಾಮಾನ್ಯವಾಗಿ ಲೆಪ್ಟಿನ್ ಹೆಚ್ಚಾಗಿಯೇ ಇರುತ್ತದೆ. ಆದರೆ ಮೆದುಳು ಆ ವರದಿಗೆ ಕಿವಿಗೊಡುವುದಿಲ್ಲ. ಆದಕಾರಣ ಲೆಪ್ಟಿನ್ ಎಲ್ಲರಿಗೂ ಮದ್ದಾಗಲಿಲ್ಲ. ಮಿತಾಹಾರ, ವ್ಯಾಯಾಮಗಳ ಅಗತ್ಯವೂ ತಪ್ಪಿಲ್ಲ. ಆದರೂ ಪಂಕ್ತಿಯಲ್ಲಿ ಮತ್ತೆ ಮತ್ತೆ ಕೈಚಾಚುವ ಮಗುವನ್ನು ಗದರುವ ಮುನ್ನ, ಆ ಹಸಿವು ಅದರ ಇಚ್ಛೆಯ ಮಾತಲ್ಲದಿರಬಹುದೆಂದು ಹಿರಿಯರು ನೆನೆಯುವುದು ಯುಕ್ತ. ಊಟ ಬಲ್ಲವರು ಪರರ ಹಸಿವನ್ನೂ ಬಲ್ಲವರಾಗಬೇಕು.