ಮನೆಯಲ್ಲಿ ಉಳಿದವರಿಗೂ 13 ವಾರಗಳ ತರಬೇತಿ

ಮನೆಮನೆಯಲ್ಲೂ ಮೊಬೈಲ್ ಫೋನ್ ಇರುವ ಇಂದಿನ ಅಮೆರಿಕದಲ್ಲಿ, ಗಂಡನ ಕೈಬರಹದ ಒಂದು ಕಾಗದಕ್ಕಾಗಿ ದಿನವೂ ಅಂಚೆಪೆಟ್ಟಿಗೆ ತೆರೆದು ನೋಡುವ ಹೆಂಡತಿಯರು ಇನ್ನೂ ಇದ್ದಾರೆ. ಅವರ ಗಂಡಂದಿರು ಯುದ್ಧಭೂಮಿಗೆ ಹೋದವರಲ್ಲ. ಸೈನ್ಯಕ್ಕೆ ಹೊಸದಾಗಿ ಸೇರಿ, 'ಬೂಟ್ ಕ್ಯಾಂಪ್' ಎಂದು ಕರೆಯಲಾಗುವ ಮೂಲ ತರಬೇತಿ ಶಿಬಿರಕ್ಕೆ ಹೋದವರು. ಶತ್ರುವಿನ ಗುಂಡಿನ ಭಯವಿಲ್ಲ. ಮರಳಿ ಬರುವ ದಿನವೂ ಹೆಚ್ಚುಕಡಿಮೆ ಗೊತ್ತಿರುತ್ತದೆ. ಆದರೂ ಈ ಕೆಲವೇ ವಾರಗಳ ಅಗಲಿಕೆ ಹೊಸ ಸಂಸಾರಗಳನ್ನು ಅಲುಗಾಡಿಸಿಬಿಡುವುದುಂಟು. ಇದಕ್ಕೆ ಕಾರಣ ಶಿಬಿರದ ರಚನೆಯಲ್ಲೇ ಇದೆ.

ಅಮೆರಿಕದ ಭೂಸೇನೆಯಲ್ಲಿ ಮೂಲ ತರಬೇತಿಯ ಅವಧಿ 10 ವಾರ. ವಾಯುಪಡೆಯವರು ಟೆಕ್ಸಾಸ್ ರಾಜ್ಯದ ಲ್ಯಾಕ್‌ಲ್ಯಾಂಡ್‌ನಲ್ಲಿ ಏಳೂವರೆ ವಾರ ಕಳೆಯುತ್ತಾರೆ. ನೌಕಾಪಡೆಯ ಶಿಬಿರ ಇಲಿನಾಯ್ ರಾಜ್ಯದ ಗ್ರೇಟ್ ಲೇಕ್ಸ್‌ನಲ್ಲಿದೆ. ಎಲ್ಲಕ್ಕಿಂತ ದೀರ್ಘವಾದುದು ಮೆರೀನ್ ಪಡೆಯ 13 ವಾರಗಳ ತರಬೇತಿ. ದಕ್ಷಿಣ ಕೆರೊಲಿನಾದ ಪ್ಯಾರಿಸ್ ಐಲ್ಯಾಂಡ್‌ನಲ್ಲಿ 1915ರಿಂದಲೂ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ 1923ರಿಂದಲೂ ಇದು ನಡೆದುಬಂದಿದೆ.

ಮೆರೀನ್ ಶಿಬಿರಕ್ಕೆ ಬಂದಿಳಿದವರು ಮೊದಲು ನಿಲ್ಲುವುದು ನೆಲದ ಮೇಲೆ ಹಳದಿ ಬಣ್ಣದಲ್ಲಿ ಬರೆದ ಹೆಜ್ಜೆಗುರುತುಗಳ ಮೇಲೆ. ಅನಂತರ ಮನೆಗೆ ಒಂದು ಫೋನ್ ಕರೆ. ಆದರೆ ಅದು ಮಾತುಕತೆಯಲ್ಲ. ಮೊದಲೇ ಬರೆದಿಟ್ಟ ನಾಲ್ಕಾರು ವಾಕ್ಯಗಳನ್ನು ಗಟ್ಟಿಯಾಗಿ ಓದಿ ಫೋನ್ ಇಟ್ಟುಬಿಡಬೇಕು. ಸುರಕ್ಷಿತವಾಗಿ ತಲುಪಿದ್ದೇನೆ, ತಿಂಡಿತಿನಿಸು ಕಳುಹಿಸಬೇಡಿ, ವಿಳಾಸ ಅಂಚೆಯಲ್ಲಿ ಬರುತ್ತದೆ ಎಂಬುದಷ್ಟೇ ಅದರ ಸಾರ. 'ಹೇಗಿದ್ದೀರಿ?' ಎಂದು ಕೇಳುವಷ್ಟರಲ್ಲಿ ಸಂಪರ್ಕ ಕಡಿದುಹೋಗಿರುತ್ತದೆ.

ಇದು ಅಧಿಕಾರಿಗಳ ನಿರ್ದಯತೆಯೇ? ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1961ರಲ್ಲಿ ಪ್ರಕಟವಾದ ತಮ್ಮ 'ಅಸೈಲಮ್ಸ್' ಪುಸ್ತಕದಲ್ಲಿ ಬೇರೆಯದೇ ವಿವರಣೆ ನೀಡಿದ್ದಾರೆ. ಸೆರೆಮನೆ, ಮಾನಸಿಕ ಆಸ್ಪತ್ರೆ, ಸನ್ಯಾಸಿಗಳ ಮಠ, ಸೈನಿಕರ ಬ್ಯಾರಕ್ ಇವೆಲ್ಲವೂ ಒಂದೇ ಜಾತಿಯ ಸಂಸ್ಥೆಗಳು ಎಂಬುದು ಅವರ ವಾದ. ಒಳಗೆ ಬಂದವನ ಹಳೆಯ ಗುರುತನ್ನು ಕಳಚಿ ಹೊಸ ಗುರುತನ್ನು ತೊಡಿಸುವುದು ಇವುಗಳ ಕೆಲಸ. ತಲೆ ಬೋಳಿಸುವುದು, ಸ್ವಂತ ಬಟ್ಟೆ ತೆಗೆದಿಡುವುದು, 'ನಾನು' ಎನ್ನುವ ಬದಲು 'ಈ ರಿಕ್ರೂಟ್' ಎಂದು ತನ್ನನ್ನೇ ಕರೆದುಕೊಳ್ಳುವುದು ಇವೆಲ್ಲ ಅದರ ಅಂಗಗಳೇ. ಹೊರಗಿನ ನಂಟನ್ನು ಕೆಲಕಾಲ ಕತ್ತರಿಸುವುದೂ ಹಾಗೆಯೇ. ಅಂದರೆ ಅಗಲಿಕೆ ಇಲ್ಲಿ ತರಬೇತಿಯ ಅಡ್ಡಪರಿಣಾಮವಾಗಿ ಬಂದದ್ದಲ್ಲ, ಅದೇ ಒಂದು ಪಾಠ. ಆದರೆ ಆ ಪಾಠದ ಅರ್ಧ ಭಾಗವನ್ನು ಕಲಿಯಬೇಕಾದವರು ಸೈನ್ಯಕ್ಕೆ ಸೇರದೆಯೇ ಮನೆಯಲ್ಲಿ ಉಳಿದವರು.

ಕಾಗದವೊಂದೇ ಸೇತುವೆ

ಕಾಳಿದಾಸನ ಯಕ್ಷನಿಗೆ ಸಂದೇಶ ಕಳುಹಿಸಲು ಮೋಡವಾದರೂ ಸಿಕ್ಕಿತ್ತು. ಶಿಬಿರದಲ್ಲಿರುವವನಿಗೆ ಸಿಗುವುದು ರಾತ್ರಿ ಮಲಗುವ ಮುನ್ನ ಸುಮಾರು ಒಂದು ಗಂಟೆಯ ಬಿಡುವು, ಭಾನುವಾರದ ಬೆಳಗಿನ ಒಂದಿಷ್ಟು ಹೊತ್ತು. ಬೂಟು ಉಜ್ಜುವುದು, ಬಟ್ಟೆ ಸರಿಪಡಿಸುವುದು, ಕಾಗದ ಬರೆಯುವುದು ಎಲ್ಲವೂ ಅಷ್ಟರೊಳಗೇ ಆಗಬೇಕು.

ಕಾಗದಕ್ಕೆ ಇನ್ನೊಂದು ತೊಡಕೂ ಇದೆ. ಈ ವಾರ ಕೇಳಿದ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಇನ್ನೊಂದೆರಡು ವಾರ ಉರುಳಿರಬಹುದು. ಮೊದಲ ಕಾಗದಗಳಲ್ಲಿ 'ಇಲ್ಲಿಗೆ ಬಂದದ್ದೇ ತಪ್ಪಾಯಿತು' ಎಂಬ ಹತಾಶೆ ಇರುವುದು ಸಾಮಾನ್ಯ. ಅದನ್ನು ಓದಿ ಹೆಂಡತಿ ಕಣ್ಣೀರು ಹಾಕುತ್ತಿರುವಾಗ, ಬರೆದವನು ಆ ಮನಃಸ್ಥಿತಿಯನ್ನು ದಾಟಿ ಮುಂದೆ ಹೋಗಿರಲೂಬಹುದು. ಆಕಾಶದ ನಕ್ಷತ್ರದ ಹಾಗೆ, ಕಾಗದ ತೋರಿಸುವುದು ಕಳೆದುಹೋದ ಕ್ಷಣದ ಬೆಳಕನ್ನು. ಅನುಭವಸ್ಥ ಸೈನಿಕ ಕುಟುಂಬಗಳು ಹೊಸಬರಿಗೆ ಮೊದಲು ಹೇಳಿಕೊಡುವುದೂ ಇದನ್ನೇ: ಒಂದು ಕಾಗದವನ್ನು ನೋಡಿ ಎದೆಗುಂದಬೇಡಿ, ಉತ್ತರ ಬರಲಿ ಬಿಡಲಿ ಬರೆಯುತ್ತಲೇ ಇರಿ.

ಏನು ಬರೆಯಬೇಕು? ಮನೆಯ ದಿನನಿತ್ಯದ ಸಂಗತಿಗಳೇ ಸಾಕು. ಮಗುವಿಗೆ ಹಲ್ಲು ಬಂದದ್ದು, ನೆರೆಮನೆಯ ಸುದ್ದಿ, ಹಿತ್ತಿಲಲ್ಲಿ ಅರಳಿದ ಹೂವು. ಅಲ್ಲಿಂದ ಏನೂ ಮಾಡಲಾಗದವನ ಮೇಲೆ ಸಣ್ಣಪುಟ್ಟ ಜಗಳ, ಸಾಲಗಳ ಭಾರ ಹೊರಿಸುವುದರಿಂದ ಪ್ರಯೋಜನವಿಲ್ಲ. ಹಾಗೆಂದು ಎಲ್ಲವೂ ಚೆನ್ನಾಗಿದೆ ಎಂಬ ಸುಳ್ಳೂ ಹೆಚ್ಚು ದಿನ ನಿಲ್ಲದು. ಲಕೋಟೆ ಮಾತ್ರ ಸಾದಾ ಇರಬೇಕು. ಚಿತ್ರ ಬರೆದ, ಸುಗಂಧ ಪೂಸಿದ ಲಕೋಟೆ ಬಂದರೆ ಎಲ್ಲರೆದುರು ಅವನು ತರಬೇತುದಾರರ ಕಣ್ಣಿಗೆ ಬೀಳುತ್ತಾನೆ.

ನಿಜವಾದ ಸಂಕಟ ಬಂದಾಗ ಬೇರೆ ದಾರಿಯಿದೆ. ಹತ್ತಿರದ ಬಂಧುವಿನ ಸಾವು, ತೀವ್ರ ಕಾಯಿಲೆ, ಮಗುವಿನ ಜನನ ಮುಂತಾದ ಸಂದರ್ಭಗಳಲ್ಲಿ ಮನೆಯವರು ಅಮೆರಿಕನ್ ರೆಡ್ ಕ್ರಾಸ್ ಸಂಸ್ಥೆಗೆ ತಿಳಿಸಬಹುದು. ಅದು ಸಂಗತಿಯನ್ನು ಖಚಿತಪಡಿಸಿಕೊಂಡು ಸೈನ್ಯದ ಅಧಿಕಾರಿಗಳಿಗೆ ಮುಟ್ಟಿಸುತ್ತದೆ. ರಜೆ ಕೊಡುವುದು, ಬಿಡುವುದು ಅಧಿಕಾರಿಗಳಿಗೆ ಸೇರಿದ ವಿಷಯ.

ಹೆಂಡತಿಗೆ ಇರುವುದು, ಗೆಳತಿಗೆ ಇಲ್ಲದ್ದು

ಅಗಲಿಕೆಯ ನೋವಿಗೆ ಮದುವೆಯ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಸೌಲಭ್ಯಗಳಿಗೆ ಬೇಕು. ವಿವಾಹಿತನ ಕುಟುಂಬಕ್ಕೆ ತರಬೇತಿಯ ಕಾಲದಲ್ಲೂ ವಸತಿ ಭತ್ಯೆ, ವೈದ್ಯಕೀಯ ನೆರವು, ಗುರುತಿನ ಚೀಟಿ ಉಂಟು. ನಿಶ್ಚಿತಾರ್ಥವಷ್ಟೇ ಆದವಳಿಗೆ ಇವು ಯಾವುವೂ ಇಲ್ಲ. ಬಾಡಿಗೆ, ಬ್ಯಾಂಕ್ ಖಾತೆ, ಕಾರಿನ ಕಂತು ಇವುಗಳ ವ್ಯವಸ್ಥೆಯನ್ನು ಹೊರಡುವ ಮುನ್ನವೇ ಮಾಡಿ, ಬೇಕಿದ್ದರೆ ಪವರ್ ಆಫ್ ಅಟಾರ್ನಿ ಬರೆದುಕೊಟ್ಟು ಹೋಗುವುದು ಜಾಣತನ. ವಿರಹದ ಜೊತೆಗೆ ಬಾಡಿಗೆಯ ಚಿಂತೆಯೂ ಸೇರಿದರೆ ತಡೆಯುವುದು ಕಷ್ಟ.

ಕಾಯುವವರು ಹೆಂಗಸರೇ ಆಗಬೇಕೆಂದಿಲ್ಲ. ಸ್ಯಾನ್ ಡಿಯಾಗೊ ಶಿಬಿರದಿಂದ ಮಹಿಳಾ ಮೆರೀನ್‌ಗಳು ಮೊದಲ ಬಾರಿಗೆ ತೇರ್ಗಡೆಯಾಗಿ ಹೊರಬಂದದ್ದು 2021ರಲ್ಲಿ. ಅಂಚೆಪೆಟ್ಟಿಗೆಯ ಬಳಿ ಈಗ ಗಂಡಂದಿರೂ ನಿಲ್ಲುತ್ತಾರೆ.

ನಮ್ಮ ದೇಶದ ಸ್ಥಿತಿ ಬೇರೆ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರರಾಗಿ ಸೇರುವವರು ಅವಿವಾಹಿತರಾಗಿರಬೇಕು. ಹೀಗಾಗಿ ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲೋ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲೋ ತರಬೇತಿ ಪಡೆಯುವ ಅಗ್ನಿವೀರನಿಗಾಗಿ ಕಾಯುವವರು ಹೆಚ್ಚಾಗಿ ತಂದೆ ತಾಯಿ. ಸೈನಿಕನ ಹೆಂಡತಿಯ ಕಾಯುವಿಕೆ ಮುಂದೆ, ಕುಟುಂಬ ಜೊತೆಗೆ ಹೋಗಲಾಗದ ಗಡಿಭಾಗಕ್ಕೆ ವರ್ಗವಾದಾಗ ಶುರುವಾಗುತ್ತದೆ. ಕೊಡಗಿನ ಎಷ್ಟೋ ಮನೆಗಳಿಗೆ ಇದು ಹೊಸದೇನಲ್ಲ.

ಮರಳಿ ಬಂದ ಮೇಲೆ

ಮೆರೀನ್ ತರಬೇತಿಯ ಕೊನೆಯ ಹಂತದಲ್ಲಿ 'ಕ್ರೂಸಿಬಲ್' ಎಂಬ 54 ಗಂಟೆಗಳ ಪರೀಕ್ಷೆ ಇರುತ್ತದೆ. 1996ರಲ್ಲಿ ಆರಂಭವಾದ ಇದರಲ್ಲಿ ಅರೆಹೊಟ್ಟೆ, ಅರೆನಿದ್ದೆಯಲ್ಲೇ 45 ಮೈಲಿಗೂ ಹೆಚ್ಚು ನಡೆಯಬೇಕು. ಗೆದ್ದವರಿಗೆ ಹದ್ದು, ಭೂಗೋಲ, ಲಂಗರುಗಳ ಲಾಂಛನ ಸಿಗುತ್ತದೆ. ಪದವಿ ಸಮಾರಂಭದ ಹಿಂದಿನ ದಿನ ಕುಟುಂಬದವರ ಭೇಟಿ, ಮರುದಿನ ಪೆರೇಡ್, ಆಮೇಲೆ ಕೆಲವು ದಿನಗಳ ರಜೆ. ಅದು ಮುಗಿಯುತ್ತಿದ್ದಂತೆ ಮುಂದಿನ ತರಬೇತಿಗೆ ಪಯಣ.

ಪೆರೇಡ್ ನೋಡಿದವರಿಗೆ ಕಷ್ಟ ಮುಗಿಯಿತೆನಿಸುವುದು ಸಹಜ. ಆದರೆ ಸಮಾಜಶಾಸ್ತ್ರಜ್ಞ ರೂಬೆನ್ ಹಿಲ್ ಎರಡನೆಯ ಮಹಾಯುದ್ಧದ ಸೈನಿಕರ ಕುಟುಂಬಗಳನ್ನು ಅಯೋವಾ ರಾಜ್ಯದಲ್ಲಿ ಅಧ್ಯಯನ ಮಾಡಿ 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಗಲಿಕೆಯನ್ನೂ ಪುನರ್ಮಿಲನವನ್ನೂ ಎರಡು ಬಿಕ್ಕಟ್ಟುಗಳೆಂದೇ ಪರಿಗಣಿಸಿದರು. ಹೋದವನು ಬದಲಾಗಿ ಬಂದಿರುತ್ತಾನೆ, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಉಳಿದವಳೂ ಅಷ್ಟರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದನ್ನು, ಒಬ್ಬಳೇ ತೀರ್ಮಾನ ಮಾಡುವುದನ್ನು ಕಲಿತಿರುತ್ತಾಳೆ. ಅವಳಿಗೆ ಲಾಂಛನವನ್ನು ಯಾರೂ ಕೊಡುವುದಿಲ್ಲ. ತಾನು ಹೋದಾಗ ಇದ್ದ ಮನೆಯೇ ಇನ್ನೂ ಇದೆ ಎಂದುಕೊಂಡು ಬಂದವನು ಹಳೆಯ ಜಾಗದಲ್ಲಿ ಕೂರಲು ಹೋದರೆ ಜಗಳವಾಗುತ್ತದೆ. ಅವಳೂ ಇಷ್ಟು ದಿನ ಒಂದು ತರಬೇತಿಯಲ್ಲಿದ್ದಳು ಎಂಬುದನ್ನು ಒಪ್ಪಿಕೊಂಡರೆ, ಸಿಕ್ಕ ಕೆಲವೇ ದಿನಗಳ ರಜೆ ಇಬ್ಬರ ಪಾಲಿಗೂ ರಜೆಯಾಗಿ ಉಳಿಯುತ್ತದೆ.